ಪೀರಾಂಬಿ ಕೊರೆದ ಕಯಾಮತ್ತು

ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ, ಬಸಗೊಂಡಪ್ಪನವರ ಪಾತ್ರೆ ಅಂಗಡಿಯಲ್ಲಿ ಪೀರಾಂಬಿ ನಲವತ್ತು ವರ್ಷದಿಂದ ಹೆಸರು ಕೊರೆಯುತ್ತಿದ್ದಾಳೆ. ಈಗ ಕರೆಂಟಿನ ಮಷೀನು ಬಂದಿದೆ. ಆದರೂ ತಾಮ್ರ, ಹಿತ್ತಾಳೆ ಬಂದರೆ ಅಪ್ಪನ ಉಳಿಯನ್ನೇ ಎತ್ತಿಕೊಳ್ಳುತ್ತಾಳೆ. ಅಪ್ಪ ಬುಡ್ಡೇಸಾಬ ಬಬಲೇಶ್ವರದ ಸಂತೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಇದೇ ಕೆಲಸ ಮಾಡುತ್ತಿದ್ದವನು.

ನಾನು ತಿಕೋಟಾದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಹೋದ ವರ್ಷ ತಂಗಿಯ ಮಗಳ ಮದುವೆಯ ಕೊಡಕ್ಕೆ ಹೆಸರು ಹಾಕಿಸಲು ಹೋದಾಗ, ಮಕ್ಕಳಿಗೆ ತೋರಿಸಲೆಂದು ತೆಗೆಸಿದ್ದ ಒಂದು ಝೆರಾಕ್ಸ್ ಕೈಯಲ್ಲಿತ್ತು. ಹತ್ತಿರ ಹತ್ತಿರ ಐದುನೂರು ವರ್ಷದ ಹಿಂದೆ ಫ್ರಾನ್ಸಿನ ಅಕ್ಕಸಾಲಿಗನೊಬ್ಬ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರ, ಬೈಬಲ್ಲಿನ ಲೋಕಾಂತ್ಯ. ದೇವದೂತರು ತುತ್ತೂರಿ ಊದುತ್ತಿದ್ದಾರೆ, ನಕ್ಷತ್ರ ಉದುರುತ್ತಿವೆ, ಹಡಗು ಮುಳುಗುತ್ತಿವೆ, ಕೆಳಗೆ ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ.

ಪೀರಾಂಬಿ ಕನ್ನಡಕ ಏರಿಸಿ ನೋಡಿದಳು. “ಇದು ಸುತಗಿಲೆ ಹೊಡದದ್ದಲ್ರಿ ಟೀಚರ, ಉಳಿ ದೂಡಿ ಕೊರದಾನ. ಗೆರಿ ನೋಡ್ರಿ, ಸುರುವಿಗೆ ಸಣ್ಣ, ನಡುವ ದಪ್ಪ, ಮತ್ತ ಸಣ್ಣ.” ಆಮೇಲೆ ತುತ್ತೂರಿಯ ಮೇಲೆ ಬೆರಳಿಟ್ಟಳು. “ಇವ ನಮ್ಮ ಇಸ್ರಾಫೀಲ ಅಲ್ಲೇನ್ರಿ? ಕಯಾಮತ್ತಿನ ದಿನ ಇವ ಊದಿದ್ನಂದ್ರ ಗುಡ್ಡ ಪಿಂಜಿದ ಉಣ್ಣಿ ಹಂಗ ಹಾರತಾವಂತ ಅಪ್ಪ ಹೇಳತಿದ್ದ.”

ಅವಳಿಗೆ ಏಳು ವರ್ಷವಿದ್ದಾಗ ಸಂತೆಯಲ್ಲಿ ಯಾವುದೋ ಜೀಪಿನ ಹಾರ್ನು ಸಿಕ್ಕಿಕೊಂಡು ನಿಲ್ಲದೆ ಕೂಗಿತಂತೆ. ಕಯಾಮತ್ತಿನ ದಿನ ಬಂದೇಬಿಟ್ಟಿತೆಂದು ಅವಳು, ಯಾರೋ ಮಾರಾಟಕ್ಕಿಟ್ಟಿದ್ದ ದೊಡ್ಡ ಹಂಡೆಯೊಳಗೆ ಅಡಗಿ ಕೂತಳು. ಅಪ್ಪ ಅವಳನ್ನು ಎಳೆಯಲಿಲ್ಲ. ಪಕ್ಕದಲ್ಲಿ ಕೂತು ಹಂಡೆಯ ಮೈಮೇಲೆ ಟಕ್ ಟಕ್ ಎಂದು ಉಳಿ ಬಡಿಯತೊಡಗಿದ.

“ಏನ್ ಮಾಡಾಕತ್ತೀ ಅಪ್ಪಾ?”

“ನಿನ್ನ ಹೆಸರ ಬರ್ಯಾಕತ್ತೇನಿ ಬೇ. ಇದು ಮುಗಿಯೂತನಾ ಏನೂ ಆಗಂಗಿಲ್ಲ.”

ಹೇಳುತ್ತ ಪೀರಾಂಬಿ ನಕ್ಕಳು. “ಮಂದಿ ಹಂಡೆ ಅದು! ಹೆಸರ ಬಿದ್ದಮ್ಯಾಲ ನಾವ ಕೊಂಡು ಮನಿಗಿ ಒಯ್ಯಬೇಕಾತು.” ಆ ಝೆರಾಕ್ಸ್ ಹಾಳೆಯನ್ನು ಅವಳೇ ಇಟ್ಟುಕೊಂಡಳು.

ಎರಡು ತಿಂಗಳಾದ ಮೇಲೆ ನನ್ನನ್ನು ಅಂಗಡಿಗೆ ಕರೆಸಿಕೊಂಡಳು. ತಾಮ್ರದ ತಾಟಿನ ತುಂಬ ಮೋಡ, ತುತ್ತೂರಿ, ನಕ್ಷತ್ರ, ಹಡಗು. ಆದರೆ ಕೆಳಗೆ ಜನರಿರಲಿಲ್ಲ. ಆ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರುಗಳು: ಬಳೆ ರೇಣುಕವ್ವ, ಮೆಣಸಿನಕಾಯಿ ಮಕ್ತುಮಬಿ, ನಿಡೋಣಿಯ ಹಗ್ಗದ ಸಂಗಪ್ಪ.

“ನನಗ ಮಾರಿ ತಗ್ಯಾಕ ಬರಂಗಿಲ್ರಿ,” ಎಂದಳು. “ಆವಾಗ ಸಂತ್ಯಾಗ ಕೂಡತಿದ್ದವರನ್ನ ನೆನಸಿ ನೆನಸಿ ಬರದೀನಿ. ಒಬ್ರೂ ಉಳದಿಲ್ಲ ಈಗ.”

ಬಸಗೊಂಡಪ್ಪ ಬಗ್ಗಿ ಓದುತ್ತ ಒಂದು ಕಡೆ ನಿಂತರು. ಅಲ್ಲಿ ಸಂತೆಯಿಂದ ಸಂತೆಗೆ ಪಾತ್ರೆ ಹೊತ್ತು ತಿರುಗಿದ ಅವರ ತಂದೆಯ ಹೆಸರಿತ್ತು. ಅದನ್ನೊಮ್ಮೆ ಹೆಗಲ ಮೇಲಿನ ವಲ್ಲಿಯಿಂದ ಒರೆಸಿ, ಗಲ್ಲಾದ ಹತ್ತಿರ ಹೋಗಿ ಕೂತರು.

ಮುಂದಿನ ಸಂತೆಯ ದಿನ ಪೀರಾಂಬಿ ತಾಟನ್ನು ಬಬಲೇಶ್ವರಕ್ಕೆ ಒಯ್ದಳು, ನಾನೂ ಜೊತೆಗಿದ್ದೆ. ಜನ ಮುತ್ತಿಕೊಂಡು ತಮ್ಮ ಹಿರಿಯರನ್ನು ಹುಡುಕಿದರು. ಲಾಡಲೇಸಾಬ ಎಂಬ ಮುದುಕ ಎರಡು ಸಲ ಓದಿಸಿಕೊಂಡು ಕೇಳಿದ:

“ನಮ್ಮವ್ವ ಎಲ್ಲೆದಾಳ? ಹುಣಸಿಹಣ್ಣ ಮಾರತಿದ್ಲಲ್ಲ, ಜೈನಾಬಿ.”

ಪೀರಾಂಬಿ ಹಣೆ ಬಡಿದುಕೊಂಡಳು. “ಯಪ್ಪಾ, ಆಕೀನ್ನ ಹೆಂಗ ಮರತೆ! ಪ್ರತಿ ಸಂತಿಗೂ ಒಂದ ಹಣ್ಣ ಕೊಡತಿದ್ಲು ನನಗ.”

ತಾಟಿನ ಕೆಳಭಾಗದಲ್ಲಿ ಜಾಗವಿರಲಿಲ್ಲ. ಅವಳು ಅಲ್ಲೇ ನೆಲಕ್ಕೆ ಕೂತು, ತಾಟನ್ನು ತೊಡೆಯ ಮೇಲೆ ತಿರುಗಿಸಿಕೊಂಡು, ಎರಡು ನಕ್ಷತ್ರಗಳ ನಡುವೆ ಜೈನಾಬಿಯ ಹೆಸರು ಬರೆಯತೊಡಗಿದಳು.