ಮಂಗಟ್ಟೆಗೆ ಬಂದ ತುತ್ತು

ದೆವ್ವ ಕಂಡೆ ಎನ್ನುವವರ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ನಗು. ಧಾರವಾಡದಲ್ಲಿ ಅಜ್ಜಿ ಇಂಥ ಸುದ್ದಿ ತೆಗೆದಾಗ ನಡುವೆ ಬಾಯಿ ಹಾಕಿ ಬೈಸಿಕೊಳ್ಳುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವವರು ನಗಬಹುದು, ನನ್ನದೇನೂ ಅಡ್ಡಿಯಿಲ್ಲ.

ನಾನೀಗಿರುವ ಮಹಾನಗರದಲ್ಲಿ, ಪವಾಯಿಯ ಆಚೆ ಗುಡ್ಡದಲ್ಲೊಂದು ಹಳೆಯ ಕಲ್ಲುಕ್ವಾರಿ. ಕೆಲಸ ನಿಂತ ಮೇಲೆ ನಾವೊಂದಿಷ್ಟು ಜನ ಭಾನುವಾರಗಳಂದು ಹೋಗಿ ಅತ್ತಿ, ಗೋಳಿ, ನೇರಳೆ ನೆಟ್ಟು ಅದನ್ನು ಮತ್ತೆ ಕಾಡು ಮಾಡಿದೆವು. ಮರಗಳು ಹಣ್ಣು ಬಿಟ್ಟ ಮೇಲೆ, ಎಂದೋ ಅಲ್ಲಿಂದ ಕಾಣೆಯಾಗಿದ್ದ, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯನ್ನು ಮರಳಿ ತರುವ ಹುಚ್ಚು ಹಿಡಿಯಿತು. ಅರಣ್ಯ ಇಲಾಖೆಯ ಒಪ್ಪಿಗೆಗಾಗಿ ಅಲೆದು ಅಲೆದು ಚಪ್ಪಲಿ ಸವೆದವು. ಕೊನೆಗೆ ಒಂದೇ ಒಂದು ಜೋಡಿ ಬಂತು.

ಮಂಗಟ್ಟೆಯ ಸಂಸಾರದ ರೀತಿಯೇ ಬೇರೆ. ಹೆಣ್ಣು ಪೊಟರೆಯೊಳಗೆ ಕೂತು, ಕೊಕ್ಕು ಹೊರಬರುವಷ್ಟು ಸೀಳು ಬಿಟ್ಟು ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ. ಆಮೇಲೆ ಗಂಡು ತಂದ ಹಣ್ಣೇ ಗತಿ. ಪೊಟರೆಯ ಬದಲು ನಾವು ಮಾವಿನ ಮರಕ್ಕೆ ಕಟ್ಟಿದ್ದ ಪೆಟ್ಟಿಗೆಯಲ್ಲಿ ನಮ್ಮ ಹೆಣ್ಣು ಹಾಗೆ ಕೂತ ದಿನ, ಘಾಟ್ಕೋಪರ್‌ನಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಸುಧಾಕರಣ್ಣ ಎಲ್ಲರಿಗೂ ಹೋಳಿಗೆ ಹಂಚಿದರು.

ಕೆಲವೇ ದಿನಗಳಲ್ಲಿ ಗಂಡು ಗಾಜಿನ ಕಟ್ಟಡವೊಂದಕ್ಕೆ ಬಡಿದು ಸತ್ತಿತು. ಸುಧಾಕರಣ್ಣನೂ ನಾನೂ ನಮ್ಮ ಕೈಯಾರೆ ಅದನ್ನು ಗುಡ್ಡದ ಬುಡದಲ್ಲಿ ಹೂತೆವು. ಗೂಡು ಒಡೆದರೆ ಮೊಟ್ಟೆ ಉಳಿಯುವುದಿಲ್ಲ. ಕೋಲಿನ ತುದಿಯಲ್ಲಿ ಹಣ್ಣು ಕೊಟ್ಟು ನೋಡಿ, ಎರಡು ದಿನದಲ್ಲಿ ತಿನ್ನದಿದ್ದರೆ ತಾಯಿಯನ್ನಾದರೂ ಉಳಿಸಲು ಒಡೆಯೋಣ ಎಂದರು ಪಶುವೈದ್ಯರು.

ಆ ಸಂಜೆ ಅತ್ತಿಹಣ್ಣು, ಪಪ್ಪಾಯಿ ಹೋಳು ಎಲ್ಲ ಸೀಳಿನ ತನಕ ಹಿಡಿದೆವು. ಹೆಣ್ಣು ಮುಟ್ಟಲಿಲ್ಲ. "ತಿನ್ನು ಮಗಾ," ಎಂದು ಸುಧಾಕರಣ್ಣ ಗೋಗರೆದರು. ಅಷ್ಟರಲ್ಲಿ ಮೇಲಿನಿಂದ ಭಾರವಾದ ರೆಕ್ಕೆಯ ಬೀಸು ಕೇಳಿಸಿತು. ಗಂಡು ಬರುವಾಗಿನದೇ ಸದ್ದು. ನಮಗೆ ಅದು ದಿನಾ ಹತ್ತುವ ಲೋಕಲ್ ರೈಲಿನ ಸದ್ದಿನಷ್ಟೇ ಪರಿಚಿತ. ಪೆಟ್ಟಿಗೆಯ ಮುಂದಿನ ಕೊಂಬೆ ಬಾಗಿತು. ಅಲ್ಲಿ ಏನೂ ಇರಲಿಲ್ಲ. ಹೆಣ್ಣು ಕೊಕ್ಕನ್ನು ಹೊರಗೆ ಚಾಚಿ, ಬರಿಗಾಳಿಯಿಂದ ಏನನ್ನೋ ಮೆತ್ತಗೆ ತೆಗೆದುಕೊಂಡು ನುಂಗಿತು. ಮತ್ತೆ ಚಾಚಿತು, ಮತ್ತೆ ನುಂಗಿತು. ಹೊಟ್ಟೆ ತುಂಬಿದಂತೆ ಒಳಗೆ ಸರಿಯಿತು.

"ನಿಮಗೂ ಕೇಳ್ತಾ?" ಎಂದರು ಸುಧಾಕರಣ್ಣ.

"ಕೇಳ್ತರೀ. ಆದ್ರ ಅದನ್ನ ನಾವ ಮಣ್ಣು ಮಾಡೇವಲ್ಲ?"

ಅವರು ನನ್ನ ಕೈಯಿಂದ ಕೋಲು ತೆಗೆದುಕೊಂಡು ಹಣ್ಣನ್ನು ಮತ್ತೊಮ್ಮೆ ಸೀಳಿಗೆ ಹಿಡಿದರು.

ಮರುದಿನ ಸಂಜೆಯೂ ಅದೇ ಸದ್ದು, ಅದೇ ಊಟ. ನಮ್ಮ ಹಣ್ಣನ್ನು ಅದು ಕಣ್ಣೆತ್ತಿಯೂ ನೋಡಲಿಲ್ಲ. ಬೆಳಿಗ್ಗೆ ಗೂಡು ಒಡೆದಾಗ ಹಕ್ಕಿ ಸತ್ತಿತ್ತು, ಹೊಟ್ಟೆಯಡಿಯ ಮೊಟ್ಟೆ ತಣ್ಣಗಾಗಿತ್ತು. ಕೊಯ್ದು ನೋಡಿದ ವೈದ್ಯರು, ಹೊಟ್ಟೆಯಲ್ಲಿ ಒಂದು ಬೀಜವೂ ಇಲ್ಲ, ಪೂರಾ ಖಾಲಿ ಎಂದರು.

ನಮಗೆ ಇನ್ನೊಂದು ಜೋಡಿ ಯಾರೂ ಕೊಡಲಿಲ್ಲ; ಕೇಳುವ ಮುಖವೂ ನಮಗಿರಲಿಲ್ಲ. ಗುಡ್ಡ ಹಸಿರಾಗಿಯೇ ಇದೆ. ಅತ್ತಿಹಣ್ಣು ಉದುರಿ ಬುಡದಲ್ಲೇ ಕೊಳೆಯುತ್ತದೆ. ದುಃಖದಿಂದ ಇಬ್ಬರಿಗೂ ಭ್ರಮೆಯಾಯಿತು ಎಂದುಕೊಳ್ಳೋಣವೆಂದರೆ, ಹಕ್ಕಿ ಕೊಕ್ಕು ಚಾಚಿದ್ದು ಭ್ರಮೆಯಲ್ಲ. ಅದಕ್ಕೆ ಏನು ಕಂಡಿತು, ನನಗೆ ತಿಳಿಯದು. ಆ ದಿನ ಗುಡ್ಡ ಇಳಿಯುವಾಗ ಸುಧಾಕರಣ್ಣ ಅಳುತ್ತ ಹೇಳಿದ್ದು ಮಾತ್ರ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ:

"ಅವ ಬಾರದೆ ಇದ್ದಿದ್ರೆ, ಹಸಿವಿಗಾದ್ರೂ ಅವಳು ನಮ್ಮ ಹಣ್ಣು ತಿಂತಿದ್ಲು ಮಾರಾಯ್ರೆ."