ಹೆಸರು ಹಾಕದೆ ಕಳಿಸಿದ ಫೋಟೋ

ಹೊಸೂರು ಪಕ್ಕದ ಮತ್ತಿಗಿರಿಯ ಭಾನುವಿನ ಕಣ್ಣಿಗೆ ತಪ್ಪೊಂದು ಬಿದ್ದರೆ ಮುಗಿಯಿತು, ಅದನ್ನು ಎತ್ತಿ ತೋರಿಸದೆ ಅವಳಿಗೆ ಸಮಾಧಾನವಿಲ್ಲ. ಹನ್ನೆರಡು ವರ್ಷದಿಂದ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಅವಳ ಕೆಲಸವೇ ಅದು. ಲೈನಿನಲ್ಲಿ ಬಂದ ಬಿಡಿಭಾಗಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಬೇಕು. ಸರಿಯಿದ್ದದ್ದು ಹಸಿರು ಟ್ರೇಗೆ, ಸರಿಯಿಲ್ಲದ್ದು ಕೆಂಪು ಟ್ರೇಗೆ. ಮನೆಯಲ್ಲಿ ಗಂಡ ಜಗನ್ ಕ್ಯಾಲೆಂಡರನ್ನು ಕೂದಲೆಳೆಯಷ್ಟು ಓರೆಯಾಗಿ ನೇತುಹಾಕಿದರೂ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವಳಿಗಿದ್ದ ಒಂದೇ ಹವ್ಯಾಸ ಪ್ಲಾಸ್ಟಿಕ್ ವೈರಿನ ಬುಟ್ಟಿ ಹೆಣೆಯುವುದು. ಲಾಕ್‌ಡೌನ್ ಸಮಯದಲ್ಲಿ ಹತ್ತು ಜನರನ್ನು ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಕಟ್ಟಿದಳು. ಅದು ಬೆಳೆದು ಬೆಳೆದು ಮುನ್ನೂರು ದಾಟಿತು. ಹೊಸೂರು, ಕೃಷ್ಣಗಿರಿ, ಆನೇಕಲ್, ಕುಪ್ಪಂ ಎಲ್ಲ ಕಡೆಯ ಹೆಂಗಸರು ಅದರಲ್ಲಿದ್ದರು. ಕನ್ನಡ, ತಮಿಳು, ತೆಲುಗು ಯಾವುದರಲ್ಲಿ ಬೇಕಾದರೂ ಬರೆಯಬಹುದಿತ್ತು. ಭಾನು ಇಟ್ಟ ಕಟ್ಟುನಿಟ್ಟಿನ ನಿಯಮ ಒಂದೇ: ಬೇರೆಯವರ ಡಿಸೈನ್ ನೋಡಿ ಹೆಣೆದರೆ ಅವರ ಹೆಸರು ಹಾಕಲೇಬೇಕು. ಹಾಕದೆ ತನ್ನದೆಂದು ಹೇಳಿಕೊಂಡು ಸಿಕ್ಕಿಬಿದ್ದವರನ್ನು ಅವಳು ಎರಡನೆಯ ಮಾತಿಲ್ಲದೆ ಹೊರಗೆ ಹಾಕುತ್ತಿದ್ದಳು.

ವೈರ್ ಬುಟ್ಟಿ ಹೆಣೆಯುವವರೆಲ್ಲರಿಗೂ ಒಂದು ತೊಡಕು ಗೊತ್ತು. ಗೋಡೆಯ ಮೇಲೆ ಡೈಮಂಡ್ ಆಕಾರ ಎಷ್ಟೇ ಚೆನ್ನಾಗಿ ಬರಲಿ, ಮೂಲೆ ತಿರುಗುವ ಕಡೆ ಅದು ಮುರಿದುಹೋಗುತ್ತದೆ. ಆ ಮುರುಕನ್ನು ಎಲ್ಲರೂ ಹಣೆಬರಹವೆಂದು ಒಪ್ಪಿಕೊಂಡಿದ್ದರು. ಹೋದ ಆಷಾಢದಲ್ಲಿ ಸರಳಾ ಹಾಕಿದ ಫೋಟೋ ನೋಡಿ ಗ್ರೂಪಿಗೆ ಗ್ರೂಪೇ ಬೆರಗಾದದ್ದು ಅದಕ್ಕೇ. ಕಪ್ಪು ಬುಟ್ಟಿಯ ಮೇಲೆ ಹಳದಿ ಡೈಮಂಡುಗಳು ನಾಲ್ಕೂ ಮೂಲೆ ಸುತ್ತಿ, ಎಲ್ಲಿಯೂ ಕಡಿಯದೆ ಮತ್ತೆ ಒಂದಕ್ಕೊಂದು ಕೂಡಿಕೊಂಡಿದ್ದವು. ಕೆಳಗೆ ಸರಳಾ ಬರೆದಿದ್ದಳು: ನನ್ನ ಸ್ವಂತ ಡಿಸೈನ್.

ಸರಳಾ ಜಗನ್‌ನ ತಂಗಿ, ಭಾನುವಿನ ನಾದಿನಿ. ಕೃಷ್ಣಗಿರಿಗೆ ಮದುವೆಯಾಗಿ ಹೋಗಿ ಹದಿನಾರು ವರ್ಷವಾದರೂ ಆ ಬೀದಿಯಲ್ಲಿ ಅವಳನ್ನು ರಮಾದೇವಿಯ ಸೊಸೆ ಎಂದೇ ಕರೆಯುತ್ತಿದ್ದರು. ಒಂದು ಮಾತು ಕೇಳಬೇಕೆಂದು ಯಾರೂ ಅವಳ ಹತ್ತಿರ ಬಂದದ್ದಿಲ್ಲ. ಈಗ ದಿನಕ್ಕೆ ಐವತ್ತು ಜನ ಕೇಳುತ್ತಿದ್ದರು. ಕೊನೆಗೆ ಸೇಲಂನಿಂದ ಒಂದು ಯೂಟ್ಯೂಬ್ ಚಾನೆಲ್ ನಡೆಸುವ ಹೆಂಗಸು ಫೋನ್ ಮಾಡಿ, ಶನಿವಾರ ಮಧ್ಯಾಹ್ನ ಮೂರಕ್ಕೆ ಬಂದು ವಿಡಿಯೋ ತೆಗೆಯುತ್ತೇನೆ ಅಂದಳು. ಅತ್ತೆಯ ಮನೆಯಲ್ಲಿ ಬೇಡವೆಂದು ಸರಳಾ ಅಣ್ಣನ ಮನೆಯ ವಿಳಾಸ ಕೊಟ್ಟಳು.

ಆ ವಾರದ ಮಂಗಳವಾರ ಗ್ರೂಪಿಗೆ ಇನ್ನೊಂದು ಫೋಟೋ ಬಂತು. ಅಂಚೆಟ್ಟಿ ಕಡೆಯ ಮುನಿಲಕ್ಷ್ಮಿ ಎಂಬುವಳು ಹಾಕಿದ್ದಳು. ವರ್ಷದಲ್ಲಿ ಎರಡು ಮೂರು ಸಲ ಮಾತ್ರ ಕಾಣಿಸಿಕೊಳ್ಳುವವಳು. ಅದೇ ಕಪ್ಪು ಬುಟ್ಟಿ, ಅದೇ ಹಳದಿ ಡೈಮಂಡು, ಮುರಿಯದ ಅದೇ ಮೂಲೆ. "ನಾನೂ ಇದನ್ನ ಮಾಡಿದ್ದೆ" ಎಂದು ಬರೆದಿದ್ದಳು, ಅಷ್ಟೇ.

ಗ್ರೂಪ್ ಹೊತ್ತಿಕೊಂಡಿತು. ಸರಳಕ್ಕನ ಹೆಸರು ಎಲ್ಲಿ ಎಂದು ಒಬ್ಬಳು, ನಾಚಿಕೆ ಇಲ್ಲವೇ ಎಂದು ಇನ್ನೊಬ್ಬಳು. ಮತ್ತೊಬ್ಬಳು ತಮಿಳಿನಲ್ಲಿ ಕಳ್ಳಿ ಎಂದೇ ಬರೆದಳು. ಭಾನು ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಮೂಲೆಯಲ್ಲಿ ನಿಂತು ಎರಡೂ ಫೋಟೋ ಅಗಲಿಸಿ ನೋಡಿದಳು. ಸರಳಾಳ ಬುಟ್ಟಿಯ ಒಂದು ಮೂಲೆಯಲ್ಲಿ, ಹಳದಿಯ ನಡುವೆ ಒಂದೇ ಒಂದು ಬಿಳಿ ಗಂಟಿತ್ತು. ಮುನಿಲಕ್ಷ್ಮಿಯದರಲ್ಲೂ ಅದೇ ಜಾಗದಲ್ಲಿ ಬಿಳಿ ಗಂಟು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಮುನಿಲಕ್ಷ್ಮಿ ಅಷ್ಟರಲ್ಲಿ ಭಾನುವಿಗೆ ಮಾತ್ರ ಎರಡು ನಿಮಿಷದ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದಳು. ಲೈನಿನ ಗಂಟೆ ಹೊಡೆಯಿತು. ಭಾನು ಅದನ್ನು ಕೇಳಲಿಲ್ಲ. ಮುನಿಲಕ್ಷ್ಮಿಯನ್ನು ಗ್ರೂಪಿನಿಂದ ತೆಗೆದು, ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋದಳು. ಕೆಂಪು ಟ್ರೇಗೆ ಹಾಕಿದಷ್ಟೇ ಸಲೀಸಾಗಿ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆಲ್ಲ ಸರಳಾ ಬಂದಿಳಿದಳು. ಹೊಸ ಸೀರೆ, ಬ್ಯಾಗಿನಲ್ಲಿ ಬುಟ್ಟಿ, ಮುಖದಲ್ಲಿ ಭಾನು ಯಾವತ್ತೂ ನೋಡಿರದ ಕಳೆ.

"ಅತ್ತಿಗೆ, ಈ ಬಣ್ಣ ವಿಡಿಯೋದಾಗೆ ಚೆನ್ನಾಗ್ ಕಾಣ್ತದಾ?"

"ಚೆನ್ನಾಗೈತೆ ಕೂತ್ಕೋ. ಅವ್ರು ಏನೇನ್ ಕೇಳ್ತಾರೋ ಒಂದ್ಸಲ ನೋಡ್ಕೊಳಾನ." ಭಾನು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿದಳು. "ಇಲ್ಲಿ ಒಂದೇ ಒಂದ್ ಬಿಳೀ ಗಂಟು ಯಾಕ್ ಹಾಕ್ದೆ ಅಂತ ಕೇಳಿದ್ರೆ ಏನಂತೀಯ?"

"ಯಾಕೆ ಅಂದ್ರೆ? ನೀವು ಕಳ್ಸಿದ್ ಫೋಟೋದಾಗೆ ಹಂಗೇ ಇತ್ತಲ್ಲ."

ಭಾನುವಿನ ಕೈ ನಿಂತಿತು. "ನಾನ್ ಕಳ್ಸಿದ್ದಾ? ಯಾವ್ ಫೋಟೋ?"

"ಸಂಕ್ರಾಂತಿ ಆದ್ಮೇಲೆ ಕಳ್ಸಿದ್ರಲ್ಲ ಅತ್ತಿಗೆ, ಹೆಂಗೈತೆ ನೋಡು ಅಂತ. ಎಲ್ಲೋ ಇಂಟರ್ನೆಟ್‌ನಾಗಿಂದ ತೆಗ್ದಿರ್ತೀರ ಅನ್ಕೊಂಡೆ."

ಭಾನು ಎದ್ದು ಒಳಗೆ ಹೋದಳು. ಅಡಿಗೆಮನೆಯ ಕಟ್ಟೆಗೆ ಒರಗಿ ಫೋನಿನಲ್ಲಿ ಹಿಂದಕ್ಕೆ, ಹಿಂದಕ್ಕೆ ಹೋದಳು. ಜನವರಿ ತಿಂಗಳು ಸಿಕ್ಕಿತು. ಸರಳಾಳಿಗೆ ಕಳಿಸಿದ ಫೋಟೋ ಅಲ್ಲಿತ್ತು: ಅರ್ಧ ಹೆಣೆದ ಬುಟ್ಟಿ, ತಳ ಮೇಲಾಗಿ ಇಟ್ಟದ್ದು. ಕೆಳಗೆ ಹೆಸರಿಲ್ಲ, ಊರಿಲ್ಲ. ಹೆಂಗೈತೆ ನೋಡು. ಬೆಳಿಗ್ಗೆ ಹತ್ತು ಗಂಟೆ ಒಂದು ನಿಮಿಷ, ಟೀ ಬಿಡುವಿನ ಹೊತ್ತು.

ಅದು ತನಗೆ ಬಂದದ್ದು ಯಾರಿಂದ ಎಂದು ಹುಡುಕಲು ಕಾಲು ಗಂಟೆ ಹಿಡಿಯಿತು. ಸೇವ್ ಮಾಡದ ಒಂದು ನಂಬರು. ಅದೇ ದಿನ, ಮೂರು ನಿಮಿಷ ಮುಂಚೆ. ಫೋಟೋದ ಕೆಳಗೆ ಬರೆದಿತ್ತು: "ಭಾನಕ್ಕ, ನಾನು ಮುನಿಲಕ್ಷ್ಮಿ, ಅಂಚೆಟ್ಟಿ. ಮೂಲೆ ಮುರೀದಂಗೆ ತಿರುಗ್ಸಿದೀನಿ. ಹಳ್ದಿ ವೈರು ಮುಗ್ದೋಯ್ತು, ಒಂದ್ಕಡೆ ಬಿಳೀದು ಹಾಕೀನಿ. ಸರಿ ಐತಾ ನೋಡಿ ಯೋಳಿ. ನೀವು ಸರಿ ಅಂದ್ರೆ ಗ್ರೂಪ್‌ಗೆ ಹಾಕ್ತೀನಿ."

ಅದರ ಕೆಳಗೆ ಭಾನು ಏನೂ ಬರೆದಿರಲಿಲ್ಲ.

ಅದೇ ನಂಬರಿನಿಂದ ಮಂಗಳವಾರ ಬಂದಿದ್ದ ವಾಯ್ಸನ್ನು ಈಗ ಹಾಕಿ ಕಿವಿಗಿಟ್ಟುಕೊಂಡಳು. ಗಾಳಿಯ ಸದ್ದು, ದೂರದಲ್ಲಿ ಆಡುಗಳ ಸದ್ದು. ಸಿಗ್ನಲ್ ಸಿಗುವ ಯಾವುದೋ ದಿಬ್ಬ ಹತ್ತಿ ನಿಂತು ಮಾತಾಡಿದ್ದಳೇನೋ, ಉಸಿರು ಕಟ್ಟುತ್ತಿತ್ತು. "ಅಕ್ಕ, ನಾನ್ ಕದ್ದಿಲ್ಲ. ನಿಮ್ಗೇ ಮೊದ್ಲು ಕಳ್ಸಿದ್ದೆ, ನೀವೇನೂ ಯೋಳ್ಲಿಲ್ಲ. ಸರಿ ಇಲ್ವೇನೋ ಅಂತ ಸುಮ್ಕಿದ್ದೆ. ಆವಕ್ಕನ ಬುಟ್ಟೀನ ಎಲ್ರೂ ಹೊಗಳಿದ್ರಲ್ಲ, ಅಂಗಾರೆ ನಂದೂ ಸರಿ ಐತೆ ಅಂತ ಹಾಕ್ದೆ. ನನ್ ಹಳೇ ಫೋನು ಕೆಟ್ಟೋಗ್ಬುಡ್ತು, ತೋರ್ಸಾಕೆ ನನ್ತಾವ ಇಲ್ಲ. ನಿಮ್ತಾವ ಐತೆ ಅಕ್ಕ, ನೋಡಿ."

ಜಗನ್ ನೀರು ಕುಡಿಯಲು ಒಳಗೆ ಬಂದವನು ಹೆಂಡತಿಯ ಮುಖ ನೋಡಿ ನಿಂತ. ಅವಳು ಫೋನನ್ನು ಅವನ ಕೈಗಿಟ್ಟಳು. ಅವನು ಓದಿದ, ವಾಯ್ಸನ್ನೂ ಕೇಳಿದ, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಆಯಮ್ಮನ ಹತ್ರ ಏನೂ ಇಲ್ಲ ಅಂತ ಅವ್ಳೇ ಯೋಳ್ತಾವ್ಳೆ. ಅಳ್ಸಾಕು, ಅಲ್ಲಿಗ್ ಮುಗೀತದೆ."

"ನಾನೇ ಹೊರಗಾಕಿದ್ದು ರೀ ಅವಳ್ನ."

"ನೋಡು ಭಾನು, ಹೊರಗೆ ಕೂತಿರೋಳು ನನ್ ತಂಗಿ. ಹದಿನಾರು ವರ್ಷದಾಗೆ ಅವ್ಳು ಹಿಂಗ್ ನಕ್ಕಿದ್ದ ನಾನ್ ನೋಡಿಲ್ಲ. ಮೂರ್ ಗಂಟೇಗೆ ಜನ ಬತ್ತಾರೆ."

ಭಾನು ಫೋನನ್ನು ಅವನ ಕೈಯಿಂದ ತೆಗೆದುಕೊಂಡಳು. ಆ ಮೆಸೇಜಿನ ಮೇಲೆ ಬೆರಳಿಟ್ಟಳು. ಮೆಸೇಜು ನೀಲಿಯಾಯಿತು, ಮೇಲೆ ಕಸದ ಡಬ್ಬಿಯ ಗುರುತು ಬಂತು. ಒಂದು ಸಲ ಒತ್ತಿದರೆ ಸಾಕಿತ್ತು. ಒಲೆಯ ಮೇಲೆ ಸಾರು ಕುದಿದು ಉಕ್ಕಿತು. ಅವಳು ಬೆರಳು ತೆಗೆದು ಒಲೆ ಆರಿಸಿದಳು. ಮತ್ತೆ ಫೋನ್ ಹಿಡಿದಳು, ಮತ್ತೆ ಇಟ್ಟಳು. ಊಟ ಬಡಿಸಿದಳು. ಮೂವರೂ ಕೂತು ಉಂಡರು. ಸರಳಾ ಒಬ್ಬಳೇ ಮಾತಾಡಿದಳು, ಕ್ಯಾಮೆರಾ ನೋಡಿ ಮಾತಾಡಬೇಕೋ ಕೈ ನೋಡಿ ಮಾತಾಡಬೇಕೋ ಎಂದು.

ತಟ್ಟೆ ಎತ್ತುವ ಹೊತ್ತಿಗೆ ಭಾನು ಅಂದಳು: "ಸರಳಾ, ಆ ಫೋಟೋ ಇಂಟರ್ನೆಟ್‌ದಲ್ಲ. ಅಂಚೆಟ್ಟಿ ಮುನಿಲಕ್ಷ್ಮೀದು. ನನ್ಗೆ ಕಳ್ಸಿದ್ಲು, ನಾನು ಹೆಸ್ರು ಹಾಕ್ದೆ ನಿಂಗೆ ಕಳ್ಸ್ಬುಟ್ಟೆ."

ಸರಳಾ ಮೊದಲು ನಕ್ಕಳು, ಅತ್ತಿಗೆ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು. ಆಮೇಲೆ ಅಣ್ಣನ ಮುಖ ನೋಡಿದಳು. ಅವನು ತಟ್ಟೆ ನೋಡುತ್ತಿದ್ದ.

"ಅಂಗಾದ್ರೆ ನಾನು ಕಳ್ಳೀನಾ?"

"ನಾನ್ ಅಂಗಂದ್ನಾ?"

"ಫೋಟೋ ಒಂದೇ ಅತ್ತಿಗೆ ಇದ್ದಿದ್ದು! ಯಾರು ತೋರ್ಸ್‌ಕೊಟ್ರು ನಂಗೆ? ಹನ್ನೊಂದ್ ದಿನ ಬಿಚ್ಚಿ ಬಿಚ್ಚಿ ಹೆಣ್ದಿದೀನಿ. ಬೆರಳ್ ನೋಡಿ!" ಎರಡೂ ಕೈ ಚಾಚಿದಳು. ತೋರುಬೆರಳ ಬದಿಗಳಲ್ಲಿ ವೈರು ಕೊರೆದ ಗೆರೆಗಳು ಇನ್ನೂ ಮಾಸಿರಲಿಲ್ಲ. "ಅದೆಲ್ಲ ನಂದಲ್ವಾ?"

"ಆ ಹನ್ನೊಂದ್ ದಿನ ನಿಂದೇ. ಆದ್ರೆ ಸ್ವಂತ ಅಂತ ಯಾಕ್ ಬರ್ದೆ?"

ಸರಳಾ ತಡೆದು ತಡೆದು ಹೇಳಿದಳು. "ಯಾರೂ ಕೇಳಾಕಿಲ್ಲ ಅನ್ಕೊಂಡೆ."

ಒಂದೂವರೆ ಗಂಟೆಗೆ ಭಾನು ಗ್ರೂಪಿನಲ್ಲಿ ಬರೆದಳು. ಎರಡು ಸಲ ಬರೆದು ಅಳಿಸಿ, ಮೂರನೆಯ ಸಲ ಉದ್ದ ಮಾಡದೆ ಬರೆದಳು: ಈ ಡಿಸೈನ್ ಮುನಿಲಕ್ಷ್ಮಿಯದು. ಜನವರಿಯಲ್ಲಿ ನನಗೆ ಕಳಿಸಿದ್ದರು. ಹೆಸರು ಹಾಕದೆ ಸರಳಾಗೆ ಕಳಿಸಿದವಳು ನಾನು. ಕೇಳದೆ ಅವರನ್ನು ಹೊರಗೆ ಹಾಕಿದವಳೂ ನಾನೇ. ಜೊತೆಗೆ ಜನವರಿಯ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕಿದಳು. ಗ್ರೂಪಿನ ಮೊದಲ ಹತ್ತು ಜನರಲ್ಲಿ ಒಬ್ಬಳಾದ ಕುಪ್ಪಂನ ವೆಂಕಟಲಕ್ಷ್ಮಿಯನ್ನು ಅಡ್ಮಿನ್ ಮಾಡಿ ತಾನು ಆ ಜಾಗ ಬಿಟ್ಟಳು.

ಫೋನು ಟಣ್ ಟಣ್ ಎನ್ನತೊಡಗಿತು, ಭಾನುವಿನದೂ, ಸರಳಾಳದೂ. ಸರಳಾ ಒಂದೆರಡು ಓದಿದಳು. ಮಂಗಳವಾರ ಮುನಿಲಕ್ಷ್ಮಿಗೆ ಬರೆದ ಅದೇ ಮಾತುಗಳನ್ನು ಅದೇ ಹೆಂಗಸರು ಈಗ ಅವಳಿಗೆ ಬರೆಯುತ್ತಿದ್ದರು. ಬುಟ್ಟಿಯನ್ನು ಬ್ಯಾಗಿಗೆ ತುರುಕಿ ಎದ್ದಳು. "ಇನ್ಮೇಲೆ ನಂಗೇನೂ ಕಳ್ಸ್‌ಬೇಡಿ ಅತ್ತಿಗೆ" ಎಂದು ಹೇಳಿ ಮೆಟ್ಟಿಲಿಳಿದಳು. ಜಗನ್ ಬೈಕ್ ತೆಗೆದು ಅವಳ ಹಿಂದೆ ಹೋದ. ಸೇಲಂನ ಹೆಂಗಸಿಗೆ ಭಾನುವೇ ಫೋನ್ ಮಾಡಿ ತಮಿಳಿನಲ್ಲಿ ಹೇಳಿದಳು, ಬರಬೇಡಿ ಎಂದು. ಆ ಹೆಂಗಸು ಆಗಲೇ ಕೃಷ್ಣಗಿರಿ ದಾಟಿದ್ದಳು, ಬೈದಳು. ಭಾನು ಬೈಸಿಕೊಂಡಳು.

ಮರುದಿನ ಬೆಳಿಗ್ಗೆ ಭಾನು ಡೆಂಕಣಿಕೋಟೆಗೆ ಹೋಗಿ ಅಲ್ಲಿ ಮುಕ್ಕಾಲು ಗಂಟೆ ಕಾದು ಅಂಚೆಟ್ಟಿ ಬಸ್ಸು ಹಿಡಿದಳು. ಇಳಿದ ಮೇಲೆ ಎರಡು ಮೈಲಿ ನಡಿಗೆ. ಮುನಿಲಕ್ಷ್ಮಿ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಮೂವತ್ತರ ಆಚೀಚಿನ ತೆಳ್ಳಗಿನ ಹೆಂಗಸು, ತಲೆಗೆ ಟವೆಲು ಸುತ್ತಿದ್ದಳು. ಬಂದವಳು ಯಾರೆಂದು ಕೇಳಿ ತಿಳಿದ ಮೇಲೂ ಕುಡುಗೋಲು ಕೆಳಗಿಡಲಿಲ್ಲ.

"ಈ ಸಾಲು ಮುಗ್ಸಿ ಬತ್ತೀನಿ. ಅಲ್ಲಿ ನೆಳ್ಳಾಗೆ ಕೂತ್ಕಳಿ."

ಒಂದು ಸಾಲಲ್ಲ, ನಾಲ್ಕು ಸಾಲು ಮುಗಿಸಿದಳು. ಭಾನು ಹುಣಿಸೆ ಮರದ ಕೆಳಗೆ ಕೂತು, ಹೇಳಬೇಕಾದ ಮಾತನ್ನು ಹತ್ತು ಸಲ ಜೋಡಿಸಿದಳು. ಅವಳು ಎದುರು ಬಂದು ಕೂತಾಗ ಬಾಯಿಗೆ ಬಂದದ್ದು ಇಷ್ಟೇ: "ತಪ್ಪಾಯ್ತಮ್ಮ. ಗ್ರೂಪ್‌ನಾಗೆ ಎಲ್ಲಾ ಬರ್ದೀನಿ. ನಿನ್ನ ಮತ್ತೆ ಸೇರಿಸ್ತಾರೆ."

"ಬರ್ದಿದ್ದು ಯಾರೋ ತೋರ್ಸಿದ್ರು." ಮುನಿಲಕ್ಷ್ಮಿ ಅಂಗೈಯ ಮಣ್ಣು ಉಜ್ಜಿಕೊಂಡಳು. "ಕಳ್ಳಿ ಅಂದೋರು ನನ್ ಮುಖ ನೋಡಿಲ್ಲ ಅಕ್ಕ, ಅವ್ರ ಮಾತ್ ಬುಡಿ. ಐದ್ ತಿಂಗ್ಳು ನಿಮ್ ಉತ್ರಕ್ಕೆ ಕಾದೆ ನಾನು. ಸಿಗ್ನಲ್ ಸಿಗ್ಬೇಕಂದ್ರೆ ಆ ಗುಡ್ಡ ಹತ್ಬೇಕು. ದಿನಾ ಸಂಜೆ ಹತ್ತಿ ನೋಡಿವ್ನಿ. ಸರಿ ಇಲ್ಲ ಅಂತಾನಾದ್ರೂ ಒಂದ್ ಮಾತ್ ಬರೀಬೌದಿತ್ತು."

ಟವೆಲು ಬಿಚ್ಚಿ ಮುಖ ಒರೆಸಿಕೊಂಡು ಮುನಿಲಕ್ಷ್ಮಿ ಕೇಳಿದಳು:

"ನಿಮ್ ನಾದಿನಿ ಫೋಟೋ ನೋಡೇ ಮಾಡಿದ್ಲಾ? ಯಾರೂ ಯೋಳ್ಕೊಡ್ದಂಗೆ?"

"ಹೂಂ. ಹನ್ನೊಂದ್ ದಿನ ಆಯ್ತಂತೆ."

"ನಂಗೆ ಒಂದೂವರೆ ತಿಂಗ್ಳು." ಅವಳು ದೂರ ನೋಡಿದಳು. ಅದರಲ್ಲಿ ಹೊಟ್ಟೆಕಿಚ್ಚಿತ್ತೋ ಮೆಚ್ಚಿಗೆಯಿತ್ತೋ ಭಾನುವಿಗೆ ತಿಳಿಯಲಿಲ್ಲ. "ಆದ್ರೆ ಅವ್ಳ ಬುಟ್ಟಿ ಎಡಕ್ಕೆ ವಾಲೈತೆ. ಮೂಲೇಲಿ ಒಂದ್ ಗಂಟು ಮುಂಚೇನೇ ತಿರುಗ್ಸವ್ಳೆ. ಎಲ್ರ ತಪ್ಪೂ ಹಿಡಿಯೋ ನೀವು ಅದ್ ನೋಡ್ಲಿಲ್ವಾ?"

ನೋಡಿರಲಿಲ್ಲ. ಮನೆಯವಳದ್ದೆಂದು ಭಾನು ಅದನ್ನು ಬೆಳಕಿಗೆ ಹಿಡಿದೇ ಇರಲಿಲ್ಲ.

ಮುನಿಲಕ್ಷ್ಮಿ ಮಜ್ಜಿಗೆ ತಂದುಕೊಟ್ಟಳು, ಆದರೆ ಗ್ರೂಪಿಗೆ ಬರಲು ಒಪ್ಪಲಿಲ್ಲ. ಹೆಣೆಯುವುದನ್ನು ಬಿಟ್ಟಿಲ್ಲ, ಯಾರಿಗೂ ತೋರಿಸುವ ಮನಸ್ಸಿಲ್ಲ ಅಂದಳು. ಮನೆಯ ಮುಂದೆ ಒಂದು ಕೆಂಪು ಬುಟ್ಟಿ ಅರ್ಧ ಆಗಿತ್ತು. ಭಾನು ಅದರ ಕಡೆ ನೋಡಿದಳೇ ಹೊರತು ಫೋನ್ ಹೊರಗೆ ತೆಗೆಯಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಟಳು.

ಗ್ರೂಪಿನಿಂದ ನೂರಕ್ಕೂ ಹೆಚ್ಚು ಜನ ಬಿಟ್ಟುಹೋದರು. ಉಳಿದವರು ಹೊಸ ಹೊಸ ಬುಟ್ಟಿ ಹಾಕುತ್ತಾ ಸಾಗಿದರು. ಮುರಿಯದ ಮೂಲೆಯನ್ನು ಈಗ ಎಷ್ಟೋ ಜನ ಹೆಣೆಯುತ್ತಾರೆ. ಕೆಲವರು ಮುನಿಲಕ್ಷ್ಮಿಯ ಹೆಸರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಬುಟ್ಟಿ ವಾಲಿರುವ ಸಂಗತಿಯನ್ನು ಭಾನು ಸರಳಾಳಿಗೆ ಬರೆದು ತಿಳಿಸಿದಳು. ಉತ್ತರ ಬರಲಿಲ್ಲ. ಗೌರಿ ಹಬ್ಬದ ಬಾಗಿನಕ್ಕೂ ಸರಳಾ ಬರಲಿಲ್ಲ.

ದೀಪಾವಳಿಗೆ ಬಂದಳು. ಹಾಲಿನಲ್ಲಿ ಅಣ್ಣನ ಜೊತೆ ಕೂತು ಮಾತಾಡಿದಳು, ಅತ್ತಿಗೆಯ ಕಡೆ ತಿರುಗಲಿಲ್ಲ. ಕಜ್ಜಾಯ ಕೊಟ್ಟರೆ ತೆಗೆದುಕೊಂಡಳು, ಅಷ್ಟೇ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ಬಾಗಿಲ ಕಡೆ ಮುಖ ಮಾಡಿಯೇ ಕೇಳಿದಳು:

"ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ ಅತ್ತಿಗೆ?"

ಭಾನು ಹೇಳಿದಳು. ಇಳಿದ ಮೇಲೆ ಯಾವ ಕಡೆ ನಡೆಯಬೇಕೆಂಬುದನ್ನೂ ಹೇಳಿದಳು.