ಮಿಸ್ ಡೆಲೋರಿಸ್ ಜೊತೆ ಕೂರಬೇಕಿದ್ದ ಸಂಜೆ

ಮಿಸ್ ಡೆಲೋರಿಸ್ ಯಾವ ಕಾಗದವನ್ನೂ ಓದುವ ಮೊದಲು ಮೂಸಿ ನೋಡುತ್ತಿದ್ದರು. ಕರೆಂಟು ಬಿಲ್ಲಾಗಲಿ, ಚರ್ಚಿನ ಆಮಂತ್ರಣವಾಗಲಿ, ಮೊದಲು ಮೂಗಿಗೆ, ಆಮೇಲೆ ಕಣ್ಣಿಗೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ಸಿಗರೇಟು ಸೇದುವ ಮನೆಯ ಕಾಗದ ಯಾವುದು, ನಾಯಿ ಸಾಕಿದ ಮನೆಯದು ಯಾವುದು, ಅತ್ತರು ಪೂಸಿ ಕಳಿಸಿದ ಪ್ರೇಮಪತ್ರ ಯಾವುದು, ಲಕೋಟೆ ಒಡೆಯದೆಯೇ ಹೇಳುತ್ತಿದ್ದರು. ನಮ್ಮ ಪರಿಚಯವಾದದ್ದೂ ಆ ಮೂಗಿನಿಂದಲೇ. ಹುಬ್ಬಳ್ಳಿಯಿಂದ ಅಕ್ಕ ಕಳಿಸಿದ್ದ ಶೇಂಗಾ ಚಟ್ನಿಪುಡಿಯ ಪಾರ್ಸೆಲ್ಲು ತಪ್ಪಿ ಅವರ ಮನೆಗೆ ಹೋಗಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೋದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲೇ ಅವರ ಪುಟ್ಟ ಮನೆ. ಡಬ್ಬ ಹಿಡಿದುಕೊಂಡು ಬಂದು, ನಾಲ್ಕು ಸಲ ಸೀನಿ, ನನ್ನ ಮುಂದೆ ಇಟ್ಟರು.

"ಇದರಾಗ ಏನೈತಿ ಅಂತ ಕೇಳೂದಿಲ್ಲ. ಆದ್ರ ಕಳಿಸಿದಾಕಿ ನಿನ್ನ ಮ್ಯಾಲೆ ಬಾಳ ಜೀವ ಇಟ್ಕೊಂಡಾಳ."

ಇಂಗ್ಲಿಷಿನಲ್ಲೇ ಹೇಳಿದ್ದು, ಸರಿ. ಆದರೆ ಅವರದು ಲೂಸಿಯಾನಾದ ತಾಯಿಯಿಂದ ಬಂದ ಇಂಗ್ಲಿಷು. ಅವಸರವಿಲ್ಲದೆ ಎಳೆದು ಮಾತಾಡುವ ಆ ಧಾಟಿ ಕೇಳಿದ ದಿನವೇ ನನಗೆ ಹುಬ್ಬಳ್ಳಿಯ ನಮ್ಮ ಓಣಿ ನೆನಪಾಯಿತು. ಅಂದಿನಿಂದ ಅವರ ಮಾತು ನನ್ನ ತಲೆಯೊಳಗೆ ಹುಬ್ಬಳ್ಳಿ ಮಾತಾಗಿಯೇ ಕೂತಿದೆ. ಇಲ್ಲಿಯೂ ಹಾಗೇ ಬರೆಯುತ್ತೇನೆ. ಬೇರೆ ಥರ ಬರೆದರೆ ಅದು ಅವರಾಗುವುದಿಲ್ಲ.

ಹೆಸರಿನ ಮೊದಲು ಮಿಸ್ ಸೇರಿಸಬೇಕು ಎಂಬುದನ್ನು ಅವರೇ ಕಲಿಸಿದರು. ಅವರ ಜನರಲ್ಲಿ, ಅಂದರೆ ಅಮೆರಿಕದ ಕಪ್ಪು ಜನರಲ್ಲಿ, ಹಿರಿಯ ಹೆಂಗಸನ್ನು ಬರಿ ಹೆಸರಿನಿಂದ ಕರೆಯುವುದಿಲ್ಲ, ನಾವು ಅಕ್ಕ ಅನ್ನುವ ಹಾಗೆ ಅವರು ಮಿಸ್ ಅನ್ನುತ್ತಾರೆ. ಈ ದೇಶಕ್ಕೆ ಬಂದು ಹದಿನೆಂಟು ವರ್ಷ ಎಲ್ಲರನ್ನೂ ಸ್ಟೀವ್, ಲಿಂಡಾ ಎಂದು ಕರೆದು ಕರೆದು ನಾಲಿಗೆ ಒರಟಾಗಿದ್ದ ನನಗೆ ಅದು ಎಷ್ಟು ಹಿತವಾಯಿತೆಂದರೆ, ಸುಮ್ಮಸುಮ್ಮನೆ ಮಿಸ್ ಡೆಲೋರಿಸ್, ಮಿಸ್ ಡೆಲೋರಿಸ್ ಎನ್ನುತ್ತಿದ್ದೆ. ಅವರು ನನ್ನನ್ನು ಬೇಬಿ ಎನ್ನುತ್ತಿದ್ದರು. ಐವತ್ತೆರಡರ ಹೆಂಗಸು ನಾನು. ಮಗಳು ಓದಲು ಬೇರೆ ರಾಜ್ಯಕ್ಕೆ ಹೋದ ಮೇಲೆ ಮನೆಯಲ್ಲಿ ನನ್ನನ್ನು ಅಕ್ಕರೆಯಿಂದ ಕರೆಯುವವರೂ ಇರಲಿಲ್ಲ. ನನ್ನ ಗಂಡ ಶ್ರೀಧರನಿಗೆ ಪ್ಲೆಸೆಂಟನ್ನಿನಲ್ಲಿ ಕೆಲಸ. ದಿನಾ ಕೊಲ್ಲಿಯ ಸೇತುವೆ ದಾಟಿ ಹೋಗಿ, ಸೇತುವೆ ದಾಟಿ ಬಂದು, ಊಟ ಮಾಡಿ ಮಲಗುತ್ತಿದ್ದ.

ಮಿಸ್ ಡೆಲೋರಿಸ್ ತಮ್ಮ ಬದುಕನ್ನು ವರ್ಷಗಳ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ತಮ್ಮ ಜನರಲ್ಲಿ ಯಾರು ಯಾವಾಗ ದೇಶದ ದೊಡ್ಡ ಕುರ್ಚಿಗೆ ನಿಂತರು ಎಂಬುದೇ ಅವರ ಪಂಚಾಂಗ. ಅವರು ಹುಟ್ಟುವ ಮೊದಲೇ ಪತ್ರಿಕೆ ನಡೆಸುತ್ತಿದ್ದ ಕಪ್ಪು ಹೆಂಗಸೊಬ್ಬಳು ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದಳಂತೆ. ಸಣ್ಣ ಪಕ್ಷ, ಗೆಲ್ಲುವ ಮಾತೇ ಇಲ್ಲ. ಅವರ ತಾಯಿ ಆಕೆಗೇ ವೋಟು ಹಾಕಿ ಬಂದು ನೆರೆಯವರಿಂದ ನಗಿಸಿಕೊಂಡಿದ್ದರು. ತಮಗೆ ಹತ್ತೊಂಬತ್ತು ತುಂಬಿದಾಗ ಇನ್ನೊಬ್ಬ ಹೆಂಗಸು, ಕನ್ನಡಕದ ಸಣಕಲು ಹೆಂಗಸು, ಅಧ್ಯಕ್ಷ ಸ್ಥಾನಕ್ಕೇ ನಿಲ್ಲುತ್ತೇನೆ ಎಂದಾಗ ಇವರು ತಾಯಿಯ ಜೊತೆ ಬೀದಿ ಬೀದಿಯಲ್ಲಿ ಕರಪತ್ರ ಹಂಚಿದ್ದರು. ಮದುವೆಯಾದ ಮೇಲೆ ಒಬ್ಬ ಪಾದ್ರಿ ಎರಡು ಸಲ ಪ್ರಯತ್ನಪಟ್ಟ. ಆಗ ಜೊತೆಗಿದ್ದದ್ದು ಗಂಡ. ಕೊನೆಗೆ ಒಬ್ಬ ಗೆದ್ದೇಬಿಟ್ಟ. ಆ ಹೊತ್ತಿಗೆ ಗಂಡ ಇರಲಿಲ್ಲ, ತಾಯಿಯೂ ಇರಲಿಲ್ಲ. ಇದೇ ಊಟದ ಮೇಜಿನ ಸುತ್ತ ಚರ್ಚಿನ ಎಂಟು ಹೆಂಗಸರು ಕೈ ಕೈ ಹಿಡಿದು ಕೂತಿದ್ದರಂತೆ.

"ಎಲ್ಲಾರೂ ಕುಣದ್ರು. ನಾ ಅಡಿಗಿಮನಿಗೆ ಹೋಗಿ ನಳಾ ಬಿಟ್ಟು ಅತ್ತೆ. ನಮ್ಮವ್ವಾ ನೋಡ್ಲಿಲ್ಲಲ್ಲ ಅಂತ."

ಆ ಎಂಟು ಜನರಲ್ಲಿ ಈಗ ಆ ಬೀದಿಯಲ್ಲಿ ಉಳಿದವರು ಇವರೊಬ್ಬರೇ. ಬಾಡಿಗೆ ಏರಿ ಕೆಲವರು ಸ್ಟಾಕ್ಟನ್ ಕಡೆ, ಕೆಲವರು ಸ್ಯಾಕ್ರಮೆಂಟೊ ಕಡೆ ಹೋದರು, ಉಳಿದವರು ತೀರಿಕೊಂಡರು. ಮೇಜು ಮಾತ್ರ ಎಂಟು ಜನರದ್ದೇ ಇತ್ತು. ಒಂದು ತುದಿಯಲ್ಲಿ ಮಿಸ್ ಡೆಲೋರಿಸ್ ಕೂತು ಸೂಪು ಕುಡಿಯುತ್ತಿದ್ದರೆ ಕಿಟಕಿಯಿಂದ ನೋಡಲು ಬೇಸರವಾಗುತ್ತಿತ್ತು.

ಆ ವರ್ಷ ಬೇಸಿಗೆಯ ನಡುವೆ ಇದ್ದಕ್ಕಿದ್ದ ಹಾಗೆ, ನಮ್ಮ ಕೊಲ್ಲಿಯ ಆಚೆ ದಡದಲ್ಲೇ ಹುಟ್ಟಿದ ಹೆಂಗಸು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾದಳು. ತಂದೆ ಕಪ್ಪು ಜನ, ತಾಯಿ ನಮ್ಮ ಪಕ್ಕದ ತಮಿಳುನಾಡಿನವಳು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ದೀಪಾವಳಿ ಮೂರು ತಿಂಗಳು ಮೊದಲೇ ಬಂತು. "ಅವ್ಳು ಇಡ್ಲಿ ತಿಂದು ಬೆಳೆದವ್ಳು ಕಣ್ರೀ!" ಎಂದು ಒಬ್ಬರು ಬರೆದರೆ ಹತ್ತು ಜನ ಕೈ ಮುಗಿಯುವ ಚಿತ್ರ ಹಾಕುತ್ತಿದ್ದರು. ನಾನೂ ಆ ಹುರುಪಿನಲ್ಲಿ ಪಕ್ಕದ ಮನೆಗೆ ಓಡಿದೆ. ನನಗೆ ಪೌರತ್ವ ಸಿಕ್ಕಿ ಒಂದು ವರ್ಷವಾಗಿತ್ತು, ಅದು ನನ್ನ ಮೊದಲ ವೋಟು. ಅವಳು ಅರ್ಧ ನಮ್ಮವಳು ಗೊತ್ತಾ ಎಂದೆ.

ಮಿಸ್ ಡೆಲೋರಿಸ್ ಕನ್ನಡಕದ ಮೇಲಿಂದ ನೋಡಿದರು. "ಅರ್ಧಾ ಯಾಕ ಬೇಬಿ? ಪೂರಾ ತಗೋ. ಆದ್ರ ಕೆಲಸಾನೂ ಪೂರಾ ಮಾಡು. ಕುಂದ್ರು."

ಕೆಲಸವೆಂದರೆ ಕಾರ್ಡು ಬರೆಯುವುದು. ಕ್ಯಾಲಿಫೋರ್ನಿಯಾ ಯಾರ ಕಡೆ ಎನ್ನುವುದು ಎಲ್ಲರಿಗೂ ಮೊದಲೇ ಗೊತ್ತು. ಹಾಗಾಗಿ ಇಲ್ಲಿನವರು, ಯಾವ ಕಡೆಗಾದರೂ ವಾಲಬಹುದಾದ ದೂರದ ರಾಜ್ಯಗಳ ಮತದಾರರಿಗೆ ಕೈಬರಹದ ಪೋಸ್ಟ್ ಕಾರ್ಡು ಕಳಿಸುತ್ತಾರೆ. ಹೆಸರು, ವಿಳಾಸ, ಬರೆಯಬೇಕಾದ ನಾಲ್ಕು ಸಾಲು, ಎಲ್ಲ ಪ್ರಚಾರದವರೇ ಕೊಡುತ್ತಾರೆ. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಧ್ಯಾಹ್ನ ಫಾರ್ಮಸಿಯ ಕೆಲಸ ಮುಗಿಸಿ ಬಂದು ಅವರೆದುರು ಕೂರುತ್ತಿದ್ದೆ. ಮೇಜುಬಟ್ಟೆ ಇಸ್ತ್ರಿ ಮಾಡಿರುತ್ತಿತ್ತು. ಕೈ ತೊಳೆದು ಒರೆಸಿಕೊಂಡು ಕೂರಬೇಕು, ಕಾಫಿ ಕಪ್ಪು ಮೇಜಿನ ಮೇಲೆ ಬರುವಂತಿಲ್ಲ. ನನ್ನ ಅಕ್ಷರ ನೋಡಿ, "ಇದು ಡಾಕ್ಟರ ಚೀಟಿ ಏನು?" ಎಂದು ಮೊದಲ ದಿನವೇ ಹನ್ನೆರಡು ಕಾರ್ಡು ಹರಿದು ಹಾಕಿದರು.

ನಾನು ದೊಡ್ಡ ಎಡವಟ್ಟು ಮಾಡಿದ್ದು ಎರಡನೆಯ ವಾರ. ಒಂದು ಕಟ್ಟು ಕಾರ್ಡುಗಳನ್ನು ಮನೆಗೆ ತಂದು ಬರೆದು ಮುಗಿಸಿದ್ದೆ. ಶುಭಕಾರ್ಯದ ಕಾಗದ ಹಾಗೇ ಕಳಿಸುವುದುಂಟೆ? ಮನೆಯಲ್ಲಿ ಲಗ್ನಪತ್ರಿಕೆಗೆ ಮಾಡುವ ಹಾಗೆ ಅರಿಶಿನ ಕಲಸಿ, ಒಂದೊಂದು ಕಾರ್ಡಿನ ನಾಲ್ಕೂ ಮೂಲೆಗೆ ಬೆರಳಿನಿಂದ ಹಚ್ಚಿದೆ. ನೂರು ಕಾರ್ಡು, ನಾನೂರು ಮೂಲೆ. ನನಗೆ ನನ್ನ ಮೇಲೇ ಹೆಮ್ಮೆ. ಮರುದಿನ ಕಟ್ಟು ಕೊಟ್ಟೆ. ಮಿಸ್ ಡೆಲೋರಿಸ್ ಎಂದಿನಂತೆ ಮೂಸಿದರು. ಮುಖ ಬಿಗಿಯಾಯಿತು.

"ಇವು ಯಾರ ಅಡಿಗಿಮನ್ಯಾಗ ಬಿದ್ದಿದ್ವು?"

ನಾನು ಎಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಅರಿಶಿಣ ದೊಡ್ಡದು ಬೇಬಿ. ಇಲ್ಲ ಅನ್ನೂದಿಲ್ಲ. ಆದ್ರ ಇದನ್ನ ತಗೊಳ್ಳಾಂವಗ ಅದು ಗೊತ್ತಿಲ್ಲ. ಅಂವ ಟಪಾಲ ಡಬ್ಬಿ ತಗೀತಾನ, ಹಳದಿ ಕಲಿ ಕಾಣತೈತಿ. ಬ್ಯಾರೇದವರ ಕಾಗದದ ಮ್ಯಾಲೆ ಕಲಿ ಇದ್ರ ಅದು ಕಾಗದದ ಕಲಿ. ನಮ್ಮಾಕಿ ಹೆಸರಿನ ಕಾಗದದ ಮ್ಯಾಲೆ ಇದ್ರ ಅದು ನಮ್ಮಾಕಿ ಕಲಿ. ಐವತ್ತು ವರ್ಷ ಆತು, ನಾ ಇದನ್ನಽ ನೋಡಕೋತ ಬಂದೀನಿ."

ನೂರನ್ನೂ ಮತ್ತೆ ಬರೆದೆವು. ಇಬ್ಬರೂ ಕೂತು, ನಾಲ್ಕು ಮಧ್ಯಾಹ್ನ. ನನಗೆ ಸಿಟ್ಟೂ ಬಂದಿತ್ತು, ನಾಚಿಕೆಯೂ ಆಗಿತ್ತು, ಯಾವುದು ಹೆಚ್ಚೋ ಹೇಳಲಾರೆ. ನನ್ನ ಮುಖ ನೋಡಿ ಅವರು ಅರಿಶಿನದ ಒಂದು ಕಾರ್ಡನ್ನು ಎತ್ತಿ ಫ್ರಿಡ್ಜಿನ ಬಾಗಿಲಿಗೆ ಅಂಟಿಸಿಕೊಂಡರು. "ಇದು ನನಗ ಇರ್ಲಿ. ನನಗ ವೋಟು ಹಾಕು ಅಂತ ಯಾರೂ ಕಾಗದಾ ಬರಿಯೂದಿಲ್ಲ." ಅಂದು ಇಬ್ಬರೂ ಎಷ್ಟು ನಕ್ಕೆವೆಂದರೆ ಪೆನ್ನು ಕೆಳಗೆ ಬಿತ್ತು.

ಕೊನೆಯ ಕಟ್ಟು ಅಂಚೆಗೆ ಹಾಕಿ ಬಂದ ದಿನ ಅವರು ಮೆಟ್ಟಿಲ ಮೇಲೆ ಕೂತು ನನ್ನನ್ನು ಒಂದು ಮಾತು ಕೇಳಿದರು. ಅವರು ಯಾರನ್ನೂ ಏನನ್ನೂ ಕೇಳುವವರಲ್ಲ. ದಿನಸಿ ಚೀಲ ಎತ್ತಿಕೊಡಲು ಹೋದರೂ ಬೇಡ ಎನ್ನುವವರು.

"ಮಂಗಳವಾರ ಸಂಜಿಕೆ ಬರ್ತಿಯೇನು? ಐದಕ್ಕ ಎಣಿಕಿ ಸುರು ಆಗತೈತಿ. ನನ್ನ ತಮ್ಮನ ಮಗಳು ರೀನಿ ಸ್ಯಾಕ್ರಮೆಂಟೊದಿಂದ ಬರತೀನಿ ಅಂದ್ಲು. ಬ್ಯಾಡ, ನನ್ನ ಬಾಜು ಮನಿಯಾಕಿ ಇರ್ತಾಳ ಅಂದೀನಿ. ಒಬ್ಬಾಕಿನ ಕುಂತು ಇದನ್ನ ಯಾವತ್ತೂ ನೋಡಿಲ್ಲ ಬೇಬಿ. ಅವ್ವಾ ಇದ್ಲು, ಆಮ್ಯಾಲೆ ಅಂವ ಇದ್ದ, ಆಮ್ಯಾಲೆ ನಮ್ಮ ಮಂದಿ."

ಬರುತ್ತೇನೆ ಎಂದೆ. ಕೈ ಹಿಡಿದು ಹೇಳಿದೆ.

ಮಂಗಳವಾರ ಬೆಳಿಗ್ಗೆ, ಅಂದು ರಜೆ ಹಾಕಿದ್ದ ಶ್ರೀಧರ, ಪ್ಲೆಸೆಂಟನ್ನಿನ ಗೆಳೆಯರ ಮನೆಯಲ್ಲಿ ಎಲ್ಲ ಸೇರುತ್ತಿದ್ದಾರೆ ಎಂದ. ನಾನು ಮಿಸ್ ಡೆಲೋರಿಸ್ ವಿಷಯ ಹೇಳಿದೆ. "ಮೂರೂವರೆಗೆ ಹೋಗೋಣ, ಒಂದ್ ಅರ್ಧ ಗಂಟೆ ಇದ್ದು ವಾಪಸ್ ಬಂದ್ಬಿಡೋಣ. ಕೇಕ್ ಎಲ್ಲಾ ಮಾಡ್ಸಿದಾರೆ ಕಣೆ, ಹೋಗ್ದೆ ಇದ್ರೆ ಚೆನ್ನಾಗಿರಲ್ಲ," ಎಂದ. ಅವನ ಮೇಲೆ ಹಾಕುವುದು ಸುಲಭ. ನನಗೂ ಹೋಗುವ ಆಸೆಯಿತ್ತು. ತಿಂಗಳುಗಟ್ಟಲೆ ಕನ್ನಡದ ನಗು ಕೇಳಿರಲಿಲ್ಲ. ಕೇಕಿನ ಮೇಲೆ ನಮ್ಮ ಅಭ್ಯರ್ಥಿಯ ಹೆಸರಿತ್ತು. ಅರ್ಧ ಗಂಟೆ ಒಂದು ಗಂಟೆಯಾಯಿತು, ಆಮೇಲೆ ಎರಡು. ಏಳರ ಹೊತ್ತಿಗೆ ಅವಳು ಎಣಿಕೆಯಲ್ಲಿ ಹಿಂದೆ ಬಿದ್ದಳು, ಕೋಣೆಯಲ್ಲಿ ಮಾತು ಕಮ್ಮಿಯಾಯಿತು. ಯಾರೋ ಟೀವಿಯ ದನಿ ತಗ್ಗಿಸಿ, ಊಟಕ್ಕೆ ಏಳಿ ಎಂದರು. ಬಿಸಿಬೇಳೆಭಾತು ಬಡಿಸಿಕೊಳ್ಳುತ್ತ ಮಕ್ಕಳ ಕಾಲೇಜಿನ ಮಾತು ತೆಗೆದರು. ಅಷ್ಟು ಬೇಗ. ಇಡ್ಲಿಯ ಮಾತಾಡಿದವರೇ, "ಇವ್ಳ್ ಗೆಲ್ಲಲ್ಲ ಅಂತ ನಂಗ್ ಮೊದ್ಲೇ ಅನ್ಸಿತ್ತು" ಎಂದರು. ನಾನು ತಟ್ಟೆ ಕೆಳಗಿಟ್ಟು, ಹೊರಡೋಣ ಎಂದೆ.

ಮನೆ ಮುಟ್ಟಿದಾಗ ಎಂಟು ದಾಟಿತ್ತು. ಪಕ್ಕದ ಮನೆಯ ಮುಂದಿನ ಕೋಣೆಯಲ್ಲಿ ದೀಪವಿತ್ತು. ಟೀವಿಯ ನೀಲಿ ಬೆಳಕು ಪರದೆಯ ಮೇಲೆ ಆಡುತ್ತಿತ್ತು. ಇಪ್ಪತ್ತು ಹೆಜ್ಜೆ ಇರಬಹುದು. ನಮ್ಮ ಕಡೆ ಸಾವಾದ ಮನೆಗೆ ಕರೆಯುವ ತನಕ ಯಾರೂ ಕಾಯುವುದಿಲ್ಲ, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತೇವೆ. ಅಷ್ಟು ಗೊತ್ತಿದ್ದವಳು ನಾನು. ಆದರೆ ಮೂರು ಗಂಟೆ ತಡವಾಗಿ ಹೋಗಿ ಯಾವ ಮುಖ ತೋರಿಸಲಿ, ಏನು ಹೇಳಲಿ ಎಂದು ಕಿಟಕಿಯಲ್ಲೇ ನಿಂತೆ. ಶ್ರೀಧರ, "ನಾಳೆ ಹೋಗು, ಈಗ ಅವ್ರನ್ನ ಡಿಸ್ಟರ್ಬ್ ಮಾಡ್ಬೇಡ" ಎಂದ. ಆ ಮಾತನ್ನೇ ಕಾಯುತ್ತಿದ್ದೆ ಅನ್ನಿಸುತ್ತದೆ. ಪರದೆ ಎಳೆದೆ.

ನಾಳೆ ಹೋಗಲಿಲ್ಲ. ನಾಡಿದ್ದೂ ಹೋಗಲಿಲ್ಲ. ಶುಕ್ರವಾರ ಒಂದು ಡಬ್ಬಿಯಲ್ಲಿ ಅನ್ನ ಸಾರು ಹಾಕಿಕೊಂಡು ಹೋಗಿ ಬಾಗಿಲು ತಟ್ಟಿದೆ. ಮಿಸ್ ಡೆಲೋರಿಸ್ ತೆರೆದರು. ಬೈಯಲಿಲ್ಲ. ಡಬ್ಬಿ ತೆಗೆದುಕೊಂಡರು, ಕೂರಿಸಿದರು, ಕಾಫಿ ಕೊಟ್ಟರು. ನಾನು ಟ್ರಾಫಿಕ್ಕು, ಸೇತುವೆ ಎಂದು ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಆಕಿ ಸೋತಿದ್ದಕ್ಕ ನನಗ ಏನೂ ಆಗಿಲ್ಲ ಬೇಬಿ. ಸೋಲೂದು ನನಗ ಬರತೈತಿ, ಹತ್ತೊಂಬತ್ತನೇ ವರ್ಷದಿಂದ ಬರತೈತಿ. ಒಬ್ಬಾಕಿನ ಕುಂತು ಸೋಲೂದು ಬರ್ತಿರ್ಲಿಲ್ಲ. ಅದನ್ನೂ ಕಲತೆ."

ಕ್ಷಮಿಸಿ ಎಂದೆ. "ಕಾಫಿ ಆರತೈತಿ," ಎಂದರು. ಅದಾದ ಮೇಲೆ ನಾವು ಹವೆಯ ಮಾತಾಡಿದೆವು. ಜನವರಿಯಲ್ಲಿ ಮನೆ ಮಾರಿ ರೀನಿಯ ಹತ್ತಿರ ಸ್ಯಾಕ್ರಮೆಂಟೊಗೆ ಹೋದರು. ಹೋಗುವ ದಿನ ನನಗೆ ಡ್ಯೂಟಿ. ಫೋನು ಮಾಡಿದರೆ ಚೆನ್ನಾಗಿಯೇ ಮಾತಾಡುತ್ತಿದ್ದರು, ಆದರೆ ತಾವಾಗಿ ಒಂದು ಸಲವೂ ಮಾಡಲಿಲ್ಲ. ಮರುವರ್ಷ ಶರತ್ಕಾಲದಲ್ಲಿ ರೀನಿಯಿಂದ ಸಂದೇಶ ಬಂತು. ನಿದ್ದೆಯಲ್ಲೇ ಹೋದರಂತೆ.

ಈ ಸಲ ಹೊರಟೆ. ಒಬ್ಬಳೇ ಎರಡು ಗಂಟೆ ಕಾರು ಓಡಿಸಿಕೊಂಡು. ಚರ್ಚು ತುಂಬಿತ್ತು. ಹಾಡುವವರು, ಅಳುವವರು, ಬೀಸಣಿಗೆ ಬೀಸುವವರು. ಎಂಟರಲ್ಲಿ ಉಳಿದ ಮೂವರು ಹೆಂಗಸರು ಬಿಳಿ ಬಟ್ಟೆಯಲ್ಲಿ ಮುಂದಿನ ಸಾಲಿನಲ್ಲಿದ್ದರು. ನಾನು ಕೊನೆಯ ಸಾಲಿನಲ್ಲಿ ಕೂತೆ. ಎಲ್ಲ ಮುಗಿದು ಜನ ಹೊರಗೆ ಬರುವಾಗ ಉದ್ದನೆಯ ಹುಡುಗಿಯೊಬ್ಬಳು ನೇರವಾಗಿ ನನ್ನ ಬಳಿ ಬಂದಳು. ಅಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ.

"ನೀವೇ ಶೈಲಾ ಅಲ್ವಾ?" ಎಂದಳು. "ನಾನು ರೀನಿ. ಆ ಮಂಗಳವಾರ ನಾನು ಬರ್ಲಿಲ್ಲ ಅಂತ ಎಷ್ಟು ದಿನ ಕೊರಗಿದ್ದೆ ಗೊತ್ತಾ? ಅತ್ತೆ ಪ್ರತಿ ಸಲ ಒಂದೇ ಮಾತು ಹೇಳ್ತಿದ್ರು. ನೀನ್ಯಾಕೆ ಚಿಂತೆ ಮಾಡ್ತಿ, ಶೈಲಾ ಇದ್ಲು, ಕೊನೇ ತನಕ ನನ್ನ ಕೈ ಹಿಡ್ಕೊಂಡೇ ಕೂತಿದ್ಲು ಅಂತ."

ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಇಲ್ಲ ಅನ್ನಲಿಲ್ಲ.